ಕೈಚೀಲದ ಭಾರ

ಮಂತ್ರಿಗಳ ಕಚೇರಿಯ ಹೊರಗೆ, ವರ್ಗಾವಣೆ ಕೇಳಲು ಬಂದ ನರ್ಸಮ್ಮ ಕಾದು ಕಾದು ಸುಸ್ತಾಗಿದ್ದಳು. ಅದೇ ಬೆಂಚಿನಲ್ಲಿ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ಮತ್ತು ಕ್ಲಬ್ಬಿನ ಚಾಂಪಿಯನ್ನನ ಹೆಂಡತಿ ಕೂತಿದ್ದರು. ಚಾಂಪಿಯನ್ ಮುಖ ತೊಳೆಯಲು ಹೋಗಿದ್ದ. ಕದ್ದು ಕೇಳುವ ಚಾಳಿ ನರ್ಸಮ್ಮನದಲ್ಲ. ಆದರೆ ಕಿವಿಗೆ ಬಾಗಿಲು ಹಾಕಲಾಗುತ್ತದೆಯೇ?

“ಅಣ್ಣಾ, ಅವರ ರೈಫಲ್ಲನ್ನ ನೀವೇ ಕ್ಲಬ್ಬಲ್ಲಿ ಇಟ್ಕೊಂಡ್ಬಿಡಿ.”

“ಇವತ್ತೇನಮ್ಮಾ ಈ ಮಾತು? ಬಂದೂಕು ಠಾಣೆಗೆ ಒಪ್ಪಿಸಿ ಅನ್ನೋ ಹೊಸ ಕಾನೂನು ಬೇಡ, ಮನೇಲೇ ಇರ್ಲಿ ಅಂತ ಮಂತ್ರಿಗಳನ್ನ ಕೇಳೋಕೆ ತಾನೇ ಬಂದಿರೋದು.”

“ಅವರಿಗೆ ನಿದ್ದೆ ಇಲ್ಲ, ಊಟ ಸೇರಲ್ಲ. ರೈಫಲ್ ಒರೆಸ್ತಾ ಕೂತ್ಬಿಡ್ತಾರೆ. ಮಾತಾಡ್ಸಿದ್ರೆ, ನಾನಿಲ್ದಿದ್ರೆ ನಿಮಗೇ ಹಗುರ ಅಂತಾರೆ.”

“ಬೀರು ಕೀ ನೀವು ಇಟ್ಕೊಳ್ಳಿ.”

“ಕೊಡಲ್ಲ. ಲೈಸೆನ್ಸ್ ನನ್ನ ಹೆಸರಲ್ಲಿದೆ ಅಂತಾರೆ. ಒರೆಸೋಕೆ ಬಿಚ್ಚಿಟ್ಟಿದ್ದ ಬೋಲ್ಟನ್ನ ಎತ್ಕೊಂಡ್ಬಂದಿದೀನಿ. ಅದಿಲ್ದೆ ಗುಂಡು ಹಾರಲ್ಲ ಅಂತ ನೀವೇ ಹೇಳ್ತಿದ್ರಲ್ಲ.”

ಕಾರ್ಯದರ್ಶಿಯ ಕಣ್ಣು ಅವಳ ಕೈಚೀಲಕ್ಕೆ ಹೋಯಿತು.

“ಇವತ್ತೊಂದಿನ ತಡ್ಕೊಳ್ಳಮ್ಮಾ. ಅವನು ಮಾತಾಡದಿದ್ರೆ ಕ್ಲಬ್ ಮುಚ್ಚಿದ ಹಾಗೇನೇ.”

“ನನ್ನ ಮನೆ ಹಾಳಾದ್ರೆ ಪರವಾಗಿಲ್ವಾ?”

ಚಾಂಪಿಯನ್ ಬಂದ. ಒಳಗಿನಿಂದ ಕರೆಯೂ ಬಂತು.

“ಏನು ಹೇಳ್ಬೇಕು, ನೆನಪಿದೆಯಾ?” ಕಾರ್ಯದರ್ಶಿ ಅವನ ಮುಖ ನೋಡದೆ ಕೇಳಿದ.

“ಇದೆ. ನಮ್ಮ ಮನೆಗಳಲ್ಲಿ ಬಂದೂಕಿನಿಂದ ಯಾರಿಗೂ ಅಪಾಯ ಇಲ್ಲ.” ಚಾಂಪಿಯನ್ ಹೆಂಡತಿಯತ್ತ ಕೈ ಚಾಚಿದ. “ಚೀಲ ಭಾರ ಇರೋ ಹಾಗಿದೆ, ಕೊಡು.”

“ಬೇಡ. ನನ್ನ ಹತ್ರಾನೇ ಇರ್ಲಿ.”

ಮೂವರೂ ಒಳಗೆ ಹೋದರು.