ಅಮ್ಮನ ಹೊದಿಕೆ, ತಮ್ಮನ ಡ್ರಮ್ಮು

ಸಂಘದ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಮತ್ತು ಮುಂದಿನ ಸಾಲು ಖಾಲಿ ಬಿಟ್ಟು ಹಿಂದೆಯೇ ಹೋಗಿ ಕೂತಿರುವ ಸಭಿಕರೇ,

ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಭಾಷಣ ಮಾಡಿ ನನಗೆ ಅಭ್ಯಾಸವಿಲ್ಲ. ನೆಂಟರಿಷ್ಟರಿಗೆ ಕಾಗದ ಬರೆದು ಅಭ್ಯಾಸ. ಆದ್ದರಿಂದ ಕಾಗದದ ಹಾಗೆಯೇ ಶುರು ಮಾಡುತ್ತೇನೆ, ಮನ್ನಿಸಬೇಕು. ಅಧ್ಯಕ್ಷರ ಸೊಂಟನೋವು ಹೇಗಿದೆ? ಕುರ್ಚಿಯಲ್ಲಿ ಒಂದು ಕಡೆಗೆ ವಾಲಿರುವುದನ್ನು ನೋಡಿದರೆ ಪೂರ್ತಿ ವಾಸಿಯಾದಂತಿಲ್ಲ. ನಮ್ಮ ತಂಡದ ಗಾಯಕರಾದ ಕಂಡಕ್ಟರ್ ಮಾವ, ಗಂಟಲು ಹೇಗಿದೆ? ಬಸ್ಸಿನಲ್ಲಿ ಕೂಗಿ ಕೂಗಿ ಹಾಳಾದ ಗಂಟಲನ್ನು ಹಾಡಿ ಹಾಡಿ ಸರಿ ಮಾಡಿಕೊಂಡವರು ಅವರೊಬ್ಬರೇ. ಕೀಬೋರ್ಡ್ ನುಡಿಸುವ ಹಲ್ಲಿನ ಡಾಕ್ಟರು ಚೆನ್ನಾಗಿದ್ದಾರೆ. ಊರಿನವರ ಹಲ್ಲೆಲ್ಲ ಅಲ್ಲಾಡುತ್ತಿರುವುದರಿಂದ ಅವರಿಗೆ ಯಾವ ಕೊರತೆಯೂ ಇಲ್ಲ. ಎರಡನೆಯ ಸಾಲಿನಲ್ಲಿ ನನ್ನ ಹೆಂಡತಿಯ ಪಕ್ಕ ಕೂತಿರುವ ನನ್ನ ತಮ್ಮನ ಹೆಂಡತಿ, ಆರೋಗ್ಯವೇನಮ್ಮ? ಇನ್ನು ಉಳಿದವನು ಇಂದಿನ ಸನ್ಮಾನಿತ, ನನ್ನ ಒಡಹುಟ್ಟಿದ ತಮ್ಮ. ಅವನನ್ನು ವಿಚಾರಿಸುವುದು ಸ್ವಲ್ಪ ಕಷ್ಟ. ನಾವಿಬ್ಬರೂ ಮಾತು ಬಿಟ್ಟು ಏಳೆಂಟು ವರ್ಷಗಳಾದವು.

ಇದು ನಮ್ಮ ಕಾರ್ಯದರ್ಶಿಗಳಿಗೆ ತಿಳಿಯದು. “ಅಣ್ಣನೇ ನಾಲ್ಕು ಮಾತಾಡಿದರೆ ಶೋಭೆ” ಎಂದು ನನ್ನನ್ನು ಮೈಕಿನ ಮುಂದೆ ನಿಲ್ಲಿಸಿಬಿಟ್ಟರು. ಅವರು ಕರೆದಾಗ ಕಂಡಕ್ಟರ್ ಮಾವ ಚಾವಣಿ ನೋಡಿದರು, ಡಾಕ್ಟರು ನೆಲ ನೋಡಿದರು. ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂಬುದನ್ನು ಹೇಳಿಯೇ ಇಳಿಯುತ್ತೇನೆ.

ನಮ್ಮ ತಂಡ ಎಂಥದ್ದು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮದು ಬೇರೆಯವರ ಹಾಡು ನುಡಿಸುವ ತಂಡ. ಮದುವೆ, ಹುಟ್ಟುಹಬ್ಬ, ಕಾರ್ಖಾನೆಯ ವಾರ್ಷಿಕೋತ್ಸವ, ಹೋಟೆಲಿನ ಶನಿವಾರದ ಸಂಜೆ, ಎಲ್ಲಿ ಕರೆದರೆ ಅಲ್ಲಿ. ಇಷ್ಟು ವರ್ಷದಲ್ಲಿ ಸ್ವಂತದ್ದೆಂದು ಒಂದೇ ಒಂದು ಹಾಡು ಕಟ್ಟಲಿಲ್ಲ. ಜನಕ್ಕೆ ಗೊತ್ತಿರುವುದನ್ನು ಜನಕ್ಕೆ ಗೊತ್ತಿರುವ ಹಾಗೆಯೇ ನುಡಿಸುವುದು; ಅವರು ಮನೆಯಲ್ಲಿ ಗುನುಗಿದ್ದನ್ನು ಅವರಿಗೇ ದೊಡ್ಡದಾಗಿ ತಿರುಗಿಸಿ ಕೊಡುವುದು. ಇದೇನು ಸಣ್ಣ ಕೆಲಸವೇ? ನನಗಂತೂ ಯಾವತ್ತೂ ಸಣ್ಣದೆನಿಸಲಿಲ್ಲ.

ಅದರಲ್ಲಿ ನನ್ನದು ಬೇಸ್ ಗಿಟಾರ್, ನಾಲ್ಕು ದಪ್ಪ ತಂತಿಯದು. “ಉಳಿದೆರಡು ತಂತಿ ಕಿತ್ತುಹೋದ್ವಾ ಅಂಕಲ್?” ಎಂದು ಕೇಳಿದ ಮಕ್ಕಳೆಲ್ಲ ಈಗ ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ನಮ್ಮನ್ನು ಕರೆಯುತ್ತಾರೆ. ಬೇಸ್ ನುಡಿಸುತ್ತಿದ್ದರೆ ಯಾರಿಗೂ ಕೇಳಿಸುವುದಿಲ್ಲ. ನಿಲ್ಲಿಸಿದರೆ ಮಾತ್ರ, ಏನೋ ಕಳೆದುಹೋಯಿತಲ್ಲ ಎಂದು ತಿರುಗಿ ನೋಡುತ್ತಾರೆ. ಜೊತೆಗೆ ಸ್ಪೀಕರು, ಮೈಕು, ಮಿಕ್ಸರ್, ಮೈಲುಗಟ್ಟಲೆ ವಯರು, ಎಲ್ಲದರ ಉಸ್ತುವಾರಿಯೂ ನನ್ನದೇ. ಹಗಲಲ್ಲಿ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದವನಿಗಲ್ಲದೆ ಇನ್ಯಾರಿಗೆ ವಹಿಸುತ್ತಾರೆ? ಇವತ್ತು ಈ ಸಭಾಂಗಣದಲ್ಲಿರುವ ಮೈಕುಗಳೂ ನನ್ನವೇ. ಕುಂಯ್ ಎಂದರೆ ಬೈಯಲು ಬೇರೆ ಆಸಾಮಿ ಇಲ್ಲ.

ನಮ್ಮ ಮೊದಲ ಎರಡು ಸ್ಪೀಕರ್ ಡಬ್ಬಗಳನ್ನು ನಾನೂ ತಮ್ಮನೂ ನಡುಮನೆಯಲ್ಲೇ ಪ್ಲೈವುಡ್ ಕೊಯ್ದು ಮಾಡಿದೆವು. ಮಾಡಿದ ಮೇಲೆ ಬಾಗಿಲಿನಿಂದ ಹೊರಗೆ ಹೋಗಲಿಲ್ಲ. ನಮ್ಮಮ್ಮ ಹೊಲಿಗೆ ಕೆಲಸದವಳು. ಮಷೀನು ನಿಲ್ಲಿಸಿ, ಕನ್ನಡಕ ಮೇಲೆತ್ತಿ, “ಬಟ್ಟೆ ಆಗಿದ್ರೆ ಬಿಚ್ಚಿ ಹೊಲೀಬೋದಿತ್ತು ಕಣ್ರೋ. ಇದಕ್ಕೇನ್ ಮಾಡ್ತೀರಿ, ಮನೆ ಬಿಚ್ತೀರಾ?” ಎಂದಳು. ಕೊನೆಗೆ ಬಾಗಿಲ ಚೌಕಟ್ಟನ್ನೇ ಬಿಚ್ಚಿದೆವು. ಆಮೇಲೆ ಅವಳೇ ಟೇಪು ಹಿಡಿದು ಅವಕ್ಕೆ ಗವಸು ಹೊಲಿಯಲು ಅಳತೆ ತೆಗೆದಳು. ಮನುಷ್ಯರಿಗೆ ತೆಗೆದ ಹಾಗೆಯೇ, ಎದೆ ಇಷ್ಟು, ಭುಜ ಇಷ್ಟು ಎನ್ನುತ್ತ. “ಇವನಿಗೆ ಸೊಂಟಾನೇ ಇಲ್ಲವಲ್ಲೋ” ಎಂದು ಅವಳು ನಕ್ಕದ್ದು ಈಗಲೂ ಆ ಡಬ್ಬ ಎತ್ತುವಾಗಲೆಲ್ಲ ಕೇಳಿಸುತ್ತದೆ.

ತಂಡದ ಮೊದಲ ಅಂಗಿಗಳನ್ನು ಹೊಲಿದವಳೂ ಅವಳೇ. ಮಿರಿಮಿರಿ ಮಿಂಚುವ ನೀಲಿ ಬಟ್ಟೆ. ಡಾಕ್ಟರಿಗೆ ಅದನ್ನು ಹಾಕಿಕೊಳ್ಳಲು ನಾಚಿಕೆ; ಕಂಡಕ್ಟರ್ ಮಾವನಿಗೆ ಬಿಚ್ಚಲು ಬೇಜಾರು. ಉಳಿದ ಚೂರುಗಳನ್ನು ಅಮ್ಮ ಬಿಸಾಡಲಿಲ್ಲ. ವರ್ಷ ವರ್ಷದ ಅಂಗಿಯ ಚೂರುಗಳು ಸೇರಿ ಒಂದು ಹೊದಿಕೆಯಾಯಿತು. ನಡುವೆ ನೀಲಿ, ಸುತ್ತ ಕೆಂಪು, ಅಂಚಿಗೆ ಸ್ಪೀಕರ್ ಗವಸಿನ ಕಪ್ಪು ಬಟ್ಟೆ. ಕೊನೆಯವರೆಗೂ ಅವಳು ಹೊದ್ದದ್ದು ಅದನ್ನೇ.

ತಮ್ಮನಿಗೆ ತಾಳ ಯಾರು ಕಲಿಸಿದರೆಂದು ಅನೇಕರು ಕೇಳುತ್ತಾರೆ. ಯಾರೂ ಕಲಿಸಲಿಲ್ಲ. ಅಮ್ಮನ ಮಷೀನಿನ ಪಕ್ಕ ಕೂತು, ಅವಳ ಕಾಲು ಪೆಡಲ್ ತುಳಿಯುವುದನ್ನು ನೋಡುತ್ತ ನೋಡುತ್ತ ಇವನ ಕಾಲೂ ಕುಣಿಯುತ್ತಿತ್ತು. ಉದ್ದ ಹೊಲಿಗೆಗೆ ಒಂದು ನಡೆ, ಕಾಲರಿಗೆ ಒಂದು ನಡೆ, ಗುಂಡಿಯ ಹತ್ತಿರ ಬಂದಾಗ ಒಂದು ತಡೆ. ಇವನ ಕಾಲಲ್ಲಿ ಇವತ್ತಿಗೂ ಕಾಲರು ತಿರುಗುವ ಜಾಗ ನನಗೆ ಗೊತ್ತಾಗುತ್ತದೆ. ನೋಡಿ, ಹೊಗಳುತ್ತಿದ್ದೇನೆ. ಸನ್ಮಾನ ಸಭೆಯಲ್ಲವೇ, ಹೊಗಳದಿದ್ದರೆ ಅಧ್ಯಕ್ಷರು ಒಪ್ಪುವುದಿಲ್ಲ.

ಈಗ ಜಗಳಕ್ಕೆ ಬರುತ್ತೇನೆ.

ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ಮಲಗಿರುವ ದೊಡ್ಡ ಡ್ರಮ್ಮನ್ನು ಕಾಲಿನಿಂದ ಒದ್ದು ಬಾರಿಸುತ್ತಾರೆ. ಅದರೊಳಗೆ ಏನಾದರೂ ಮೆತ್ತನೆಯದನ್ನು ಇಡದಿದ್ದರೆ ಖಾಲಿ ಪೀಪಾಯಿ ಉರುಳಿದ ಹಾಗೆ ಧೊಂಯ್ ಎನ್ನುತ್ತದೆ. ದಿಂಬಿಡುವವರಿದ್ದಾರೆ, ಹಳೇ ಟವೆಲ್ ಇಡುವವರಿದ್ದಾರೆ. ಕಾರ್ಯಕ್ರಮಕ್ಕೆ ಮುಂಚೆ ಸದ್ದು ಪರೀಕ್ಷೆ ಮಾಡುವಾಗ ಮೊದಲ ಸರದಿ ಈ ಡ್ರಮ್ಮಿನದು, ಎರಡನೆಯದು ಬೇಸಿನದು. ಇವೆರಡು ಕೂಡಿದರೆ ಅದರ ಮೇಲೆ ಯಾರು ಬೇಕಾದರೂ ಹಾಡಬಹುದು.

ಅಮ್ಮ ಹೋದ ಮೇಲೆ ಅವಳ ಮಷೀನು ನನ್ನ ಮನೆಗೆ ಬಂತು, ಪಾತ್ರೆಗಳು ತಮ್ಮನ ಮನೆಗೆ ಹೋದವು. ಹೊದಿಕೆ ಮಾತ್ರ ಎಲ್ಲಿ ಹೋಯಿತೋ ಪತ್ತೆಯಾಗಲಿಲ್ಲ. ಕೇಳಲು ಸಂಕೋಚ, ಬಿಡಲು ಸಂಕಟ. ಹೀಗಿರುವಾಗ ಒಂದು ಮದುವೆ ಆರತಕ್ಷತೆಗೆ ಹೋದೆವು. ಅತಿಥಿಗಳು ಬಂದು ಕೂರುತ್ತಿದ್ದರು. ತಮ್ಮ ಕಾಲಿನಿಂದ ಒಂದು ಏಟು ಕೊಟ್ಟ. ಧಬ್. ಸಭಿಕರೇ, ಆ ಸದ್ದನ್ನು ಹೇಗೆ ಹೇಳಲಿ? ಸದ್ದು ಕಿವಿಗಲ್ಲ, ನೇರ ಎದೆಗೆ ಬಂತು. ನಾನು ಮೈಕಿನಲ್ಲೇ, “ತಮ್ಮಾ, ಇಂಥ ಸದ್ದು ನನ್ನ ಜನ್ಮದಲ್ಲೇ ಕೇಳಿಲ್ಲ ಕಣೋ! ಏನ್ ಮಾಡಿದೆ?” ಎಂದೆ. ಇವನು ಕೋಲು ಹುಡುಕುವವನ ಹಾಗೆ ಬಗ್ಗಿದ.

ಡ್ರಮ್ಮಿನೊಳಗಿಟ್ಟಿದ್ದ ಮೈಕನ್ನು ಇನ್ನೂ ಸ್ವಲ್ಪ ಒಳಗೆ ಸರಿಸೋಣವೆಂದು ಅದರ ಮುಂದಿನ ತೂತಿನಲ್ಲಿ ಕೈ ಹಾಕಿದೆ. ಬೆರಳಿಗೆ ನುಣುಪಾದ ಬಟ್ಟೆ ಸಿಕ್ಕಿತು. ಆಮೇಲೆ ಒಂದು ಹೊಲಿಗೆ. ನೋಡಬೇಕಾಗಲಿಲ್ಲ. ಆ ಹೊಲಿಗೆ ನನ್ನ ಬೆರಳಿಗೆ ಗೊತ್ತು.

“ಅಮ್ಮನ ಹೊದಿಕೆ ಕಣೋ ಇದು!”

“ಗೊತ್ತು.”

“ಗೊತ್ತಿದ್ದೂ ಒದೀತಿದೀಯಾ? ಊರೋರ ಮುಂದೆ ಕೂತು ಅಮ್ಮನ್ನ ಒದೀತೀಯೇನೋ?”

“ಅಣ್ಣಾ, ಬಾಯಿಗೆ ಬಂದಂಗೆ ಮಾತಾಡ್ಬೇಡ. ನಿನ್ ಕೈಗೆ ಸಿಕ್ಕಿದ್ರೆ ಬೀರುನಲ್ಲಿಟ್ಟು ಬೀಗ ಹಾಕ್ತಿದ್ದೆ. ನನ್ ಜೊತೆ ನಾಲ್ಕೂರು ತಿರುಗ್ತಿದೆ.”

“ತಿರುಗಿ ಏನ್ ನೋಡ್ಬೇಕಂತೆ ಅದಕ್ಕೆ? ಕಣ್ಣಿದೆಯಾ?”

“ಕಣ್ಣಿಲ್ಲ. ನಿನಗೆ ಕಿವಿ ಇದೆಯಲ್ಲ? ಈಗಷ್ಟೇ ಯಾರು ಅಂದಿದ್ದು, ಜನ್ಮದಲ್ಲೇ ಕೇಳಿಲ್ಲ ಅಂತ?”

ಇಷ್ಟು ಹೊತ್ತಿಗೆ ನನಗೊಂದು ವಿಷಯ ಹೊಳೆಯಿತು. ಡ್ರಮ್ಮಿನೊಳಗಿನ ಮೈಕು ಆನ್ ಆಗಿಯೇ ಇತ್ತು. ನಾನು ಆ ತೂತಿಗೇ ಬಾಯಿ ಕೊಟ್ಟು ಕಿರುಚುತ್ತಿದ್ದೆ. ನಮ್ಮ ಮನೆಯ ಜಗಳ, ಬಾಗಿಲ ಚೌಕಟ್ಟು ಬಿಚ್ಚಿ ಹೊರಗೆ ತಂದ ಆ ಎರಡು ಡಬ್ಬಗಳಿಂದಲೇ, ಇಡೀ ಸಭಾಂಗಣಕ್ಕೆ ಕೇಳುತ್ತಿತ್ತು. ಮದುಮಕ್ಕಳು ಬಾಯಿ ತೆರೆದು ನಿಂತಿದ್ದರು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, “ಮಕ್ಳು ಹೊಟ್ಟೇಲಿದ್ದಾಗ್ಲಿಂದ ಒದೆಸ್ಕೊಂಡೇ ಬಂದಿದೀವಿ, ಬಿಡ್ರಪ್ಪಾ. ಹಾಡ್ ಶುರು ಮಾಡಿ” ಎಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವರು ಇಬ್ಬರೇ. ಡಾಕ್ಟರು ಮೆಲ್ಲಗೆ ಕೀಬೋರ್ಡಿನಲ್ಲಿ ಏನೋ ಎತ್ತಿಕೊಂಡು ನಮ್ಮ ಮಾನ ಮುಚ್ಚಿದರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಹೊರಗೆ ಹೊದಿಕೆ ಇತ್ತು. ಒಗೆದು, ಇಸ್ತ್ರಿ ಮಾಡಿ, ಮಡಿಸಿ ಇಟ್ಟಿದ್ದ. ನಾನು ಅದನ್ನು ಬೀರುವಿನಲ್ಲಿಟ್ಟೆ. ಹೌದು, ಬೀಗವನ್ನೂ ಹಾಕಿದೆ.

ಆಮೇಲೆ ನಮ್ಮ ಮಾತು ಸದ್ದು ಪರೀಕ್ಷೆಗೆ ಸೀಮಿತವಾಯಿತು. “ಏಟು ಕೊಡು.” “ಸಾಕಾ?” “ಸಾಕು.” ಡ್ರಮ್ಮಿನೊಳಗೆ ನಾನೇ ಸೋಫಾದ ಫೋಮು ಕತ್ತರಿಸಿ ತುಂಬಿದೆ. ಆದರೆ ಹಾಡು ಶುರುವಾದ ಮೇಲೆ ಮಾತು ಬಿಟ್ಟಿರಲು ಆಗುತ್ತದೆಯೇ? ಇವನ ಕಾಲೂ ನನ್ನ ಬೆರಳೂ ಒಟ್ಟಿಗೇ ಬೀಳಬೇಕು. ಕೂದಲೆಳೆ ಹಿಂದೆ ಮುಂದೆ ಆದರೂ ಹಾಡು ಕುಂಟುತ್ತದೆ. ಕೋಪಿಸಿಕೊಂಡೇ ಒಟ್ಟಿಗೆ ಬಿದ್ದೆವು. ಇವನ ಮೊಣಕಾಲು ಸವೆಯಲು ಶುರುವಾದದ್ದು ಡಾಕ್ಟರಿಗಿಂತ ಮೊದಲು ನನಗೇ ತಿಳಿಯಿತು. ಪಾಪ, ಡಾಕ್ಟರು ಹಲ್ಲಿನವರು. ಏಟು ಒಂದು ಚೂರು ತಡವಾಗಿ ಬರತೊಡಗಿತು. ನಾನೂ ಬೆರಳನ್ನು ಅಷ್ಟೇ ತಡೆದೆ. ಕುಣಿಯುವವರಿಗೆ ತಿಳಿಯಲಿಲ್ಲ. ಇವನಿಗೆ ತಿಳಿದಿರಬೇಕು.

ನನಗೆ ಹರ್ನಿಯಾ ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದಾಗ ತಂಡ ಬೇರೆ ಯಾರನ್ನೋ ಕರೆದುಕೊಂಡು ಹೋಗಿತ್ತು. ವಾಪಸು ಬಂದು ವಯರಿನ ಪೆಟ್ಟಿಗೆ ತೆರೆದೆ. ಹಗ್ಗದ ಗಂಟಾಗಿರುತ್ತದೆ ಎಂದುಕೊಂಡಿದ್ದೆ. ಒಂದೊಂದು ವಯರೂ ನಾನು ಸುತ್ತುವ ಹಾಗೆಯೇ, ಒಂದು ಸುತ್ತು ಮೇಲೆ, ಒಂದು ಸುತ್ತು ಒಳಗೆ, ಅಚ್ಚುಕಟ್ಟಾಗಿ ಮಲಗಿತ್ತು. ವಯರು ಸುತ್ತಲು ಕಲಿಸುವಾಗ ನನ್ನಿಂದ ಈ ತಮ್ಮ ತಿಂದಷ್ಟು ಬೈಗುಳ ಇನ್ಯಾರೂ ತಿಂದಿಲ್ಲ. “ಯಾರು ಸುತ್ತಿದ್ದು?” ಎಂದೆ. ಕಂಡಕ್ಟರ್ ಮಾವ ಚಾವಣಿ ನೋಡಿದರು.

ಇವತ್ತು ಇವನ ಕೊನೆಯ ಕಾರ್ಯಕ್ರಮ. ಈ ಭಾಷಣ ಮುಗಿದ ಮೇಲೆ ಅರ್ಧ ಗಂಟೆ ನುಡಿಸುತ್ತೇವೆ, ಆಮೇಲೆ ಇವನು ಕೋಲು ಕೆಳಗಿಡುತ್ತಾನೆ. ಮೊಣಕಾಲು ನೋವಿಗೆ ಪದೇ ಪದೇ ಎದ್ದು ಕೂರಲು ಆಗದೆಂದು ಸನ್ಮಾನಿತರ ಕುರ್ಚಿ ಬಿಟ್ಟು, ಅಗೋ, ನನ್ನ ಬೆನ್ನ ಹಿಂದೆ ತನ್ನ ಡ್ರಮ್ಮಿನ ಸ್ಟೂಲಿನ ಮೇಲೆಯೇ ಕೂತಿದ್ದಾನೆ. ಸಂಜೆ ಸದ್ದು ಪರೀಕ್ಷೆಯಲ್ಲಿ ಏಟು ಕೊಟ್ಟ. ರಟ್ಟಿನ ಡಬ್ಬ ತಟ್ಟಿದ ಹಾಗಿತ್ತು. “ಸಾಕಾ?” ಎಂದ. “ಸಾಕು” ಎಂದೆ.

ಸಾಕಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಸಾಕಾಗಿರಲಿಲ್ಲ.

ನಾನು ಮಾಡಿದ್ದು ತಪ್ಪು ಎಂದು ಹೇಳಲು ಇಲ್ಲಿ ನಿಂತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮ ಬೇಕಾದರೆ ಹಿಂದಿನಿಂದ ಮುಖ ಊದಿಸಿಕೊಳ್ಳಲಿ. ಹೇಳದೆ ಕೇಳದೆ ತೆಗೆದುಕೊಂಡು ಹೋದದ್ದು ಇವನೇ. ನಾನು ಹೇಳುವುದು ಇಷ್ಟೇ: ಸದ್ದು ತಪ್ಪಿದೆ. ಸದ್ದಿನ ಜವಾಬ್ದಾರಿ ನನ್ನದು. ಬೀರುವಿನೊಳಗೆ ಆ ಹೊದಿಕೆ ಏನು ಮಾಡಿತು? ಯಾರಿಗೆ ಬೆಚ್ಚಗಾಯಿತು? ಆಗಾಗ ನನ್ನ ಹೆಂಡತಿ ಬಿಸಿಲಿಗೆ ಹಾಕುತ್ತಿದ್ದಳು. ನಾನು ದೂರದಿಂದ ನೋಡಿ ಒಳಗೆ ಹೋಗುತ್ತಿದ್ದೆ. ಹಗಲಿಡೀ ಕಾಲಿನಿಂದ ತುಳಿದೇ ನಮ್ಮಿಬ್ಬರಿಗೆ ಅನ್ನ ಹಾಕಿದವಳು ಅಮ್ಮ. ಕಾಲಿನ ಏಟಿಗೆ ಅವಳು ಮುನಿಸಿಕೊಳ್ಳುತ್ತಿದ್ದಳೇ? ಆ ಮದುವೆ ಮನೆಯ ಅಜ್ಜಿ ಈಗ ಎಲ್ಲಿದ್ದಾರೋ. ಇದ್ದರೆ ಅವರಿಗೊಂದು ನಮಸ್ಕಾರ.

ಇವತ್ತು ಮನೆಯಿಂದ ಹೊರಡುವಾಗ ಹೆಂಡತಿ ಕೇಳಿದಳು, “ಈ ಸೆಕೆಗೆ ಹೊದಿಕೆ ಯಾಕ್ರೀ? ಭಾಷಣ ಮಾಡ್ತಾ ಮಾಡ್ತಾ ಮಲಗ್ತೀರಾ?” ಈ ಮೇಜಿನ ಕೆಳಗೆ ಒಂದು ಚೀಲ ಇದೆ. ಅದರೊಳಗಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಈ ಸಂಜೆಯನ್ನು ಏರ್ಪಡಿಸಿದ ಸಂಘಕ್ಕೆ, ನನ್ನಂಥವನಿಗೆ ಮೈಕು ಕೊಟ್ಟ ಕಾರ್ಯದರ್ಶಿಗಳಿಗೆ, ಇಷ್ಟು ವರ್ಷ ಇಬ್ಬರ ನಡುವೆ ನಿಂತು ಇಬ್ಬರಿಗೂ ಬೈಸಿಕೊಂಡ ಕಂಡಕ್ಟರ್ ಮಾವನಿಗೆ, ಡಾಕ್ಟರಿಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೂ ನನ್ನ ನಮಸ್ಕಾರ.

ತಮ್ಮಾ, ಮೊಣಕಾಲು ಹೇಗಿದೆಯೋ? ಡ್ರಮ್ಮಿನ ತಿರುಪು ಬಿಚ್ಚುವ ಕೀಲಿ ನಿನ್ನ ಜೇಬಿನಲ್ಲೇ ಇರುತ್ತೆ, ನನಗೆ ಗೊತ್ತು. ಇತ್ತ ಕೊಡು. ನೀನು ಬಗ್ಗಬೇಡ, ಮುಂದಿನ ಚರ್ಮ ನಾನೇ ಬಿಚ್ತೀನಿ, ಫೋಮು ನಾನೇ ಕಿತ್ತುಹಾಕ್ತೀನಿ, ಇದನ್ನ ನಾನೇ ಹಾಸ್ತೀನಿ. ನೀಲಿ ಚೂರು ನಿನ್ನ ಕಾಲಿನ ಕಡೆಗೆ ಬರಲಿ.

ಕಾಗದದ ಕೊನೆಯಲ್ಲಿ ಬೇಗ ಉತ್ತರ ಬರೆಯಿರಿ ಎಂದು ಬರೆಯುವುದು ನನ್ನ ಅಭ್ಯಾಸ. ನೀನು ಬರೆಯೋನಲ್ಲ, ಬಾಯಿಬಿಟ್ಟು ಹೇಳೋನೂ ಅಲ್ಲ. ಒಂದೇ ಒಂದು ಏಟು ಕೊಡು, ಸಾಕು. ಒಳಗಿನ ಮೈಕು ಆನ್ ಇದೆ. ಈ ಸಲ ನಾನೇ ಬೇಕಂತ ಆನ್ ಇಟ್ಟಿದೀನಿ.