ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು

ತನಿಖಾ ಕಚೇರಿಯ ವರಾಂಡದ ಬೆಂಚಿನಲ್ಲಿ ವಯಸ್ಸಾದ ವಿಮಾನ ಮೆಕ್ಯಾನಿಕ್, ಪಕ್ಕದಲ್ಲಿ ಸತ್ತ ಪೈಲಟ್‌ನ ಹೆಂಡತಿ. ಆಕೆಯ ಕೈಲಿದ್ದ ನೋಟಿಸು ತಾನೇ ಟೈಪ್ ಮಾಡಿದ್ದೆಂದು ಗೊತ್ತಾದ ಮೇಲೆ, ಎದುರು ಮೇಜಿನ ಟೈಪಿಸ್ಟ್ ತಗ್ಗಿಸಿದ ತಲೆ ಎತ್ತಲಿಲ್ಲ.

"ಹ್ಯಾಂಡ್‌ಬ್ರೇಕ್ ಹಾಕ್ದೆ ಇಂಜಿನ್ ಶುರು ಮಾಡೋಕೆ ಮುಂದೆ ನಿಂತು ಕೈಯಲ್ಲಿ ಫ್ಯಾನ್ ತಿರುಗ್ಸಿದ್ರು, ವಿಮಾನ ಮೈಮೇಲೆ ಬಂತು, ತಪ್ಪು ನಮ್ಮನೆಯವ್ರದ್ದೇ ಅಂತ ಬರ್ದಿದಾರೆ ಅಣ್ಣಾ."

"ಹಳೇ ಕಾಲದ ಪುಟ್ಟ ವಿಮಾನ ತಾಯಿ. ಕೆಲವಕ್ಕೆ ಹ್ಯಾಂಡ್‌ಬ್ರೇಕ್ ಇರ್ತಿತ್ತು, ಎಷ್ಟೋದಕ್ಕೆ ಇರ್ತಾನೇ ಇರ್ಲಿಲ್ಲ. ನಮ್ಮದಕ್ಕಿಲ್ಲ."

"ಹಾಗಾದ್ರೆ ಇವ್ರ ತಪ್ಪಿಲ್ಲ."

"ಇಲ್ಲ."

"ಮತ್ತೆ ಅದನ್ನ ನಿಲ್ಸೋದು ಹೇಗೆ?"

"ಚಕ್ರಕ್ಕೆ ಮರದ ತುಂಡು ಅಡ್ಡ ಕೊಡ್ತೀವಿ. ಅದು ನನ್ನ ಕೆಲ್ಸ. ಅವ್ನು ಒಂದಿನಾನೂ ಬಗ್ಗಿ ನೋಡ್ದೋನಲ್ಲ, ನಾನಿದೀನಲ್ಲ ಅಂತ."

"ಅವತ್ತೂ ಕೊಟ್ಟಿದ್ರಿ ತಾನೇ?"

ಮೆಕ್ಯಾನಿಕ್ ಮಂಡಿ ಉಜ್ಜಿಕೊಂಡ.

"ಶೆಡ್ಡಿನ ಬಾಗ್ಲು ಗಾಳಿಗೆ ಬಡ್ಕೋತಿತ್ತು. ತಲೆ ಚಿಟ್ಟು ಹಿಡೀತು. ತುಂಡುಗಳನ್ನ ತಗೊಂಡ್ಹೋಗಿ ಆ ಬಾಗ್ಲಿಗೆ ಅಡ್ಡ ಕೊಟ್ಟೆ. ವಾಪಸ್ ಇಡೋದು ಮರ್ತೆ."

ಆಕೆ ನೋಟಿಸು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಒಳಗೆ ಇದನ್ನ ಹೇಳ್ತೀರಾ?"

"ಹೇಳೋಕೇ ಬಂದಿರೋದು. ಮೊದ್ಲು ನಿಂಗೆ ಹೇಳ್ಬೇಕಿತ್ತು."

ಒಳಗಿನಿಂದ ಕರೆ ಬಂತು. ಆಕೆ ಮೊದಲು ಎದ್ದಳು. ಕೈ ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಅದು. ಆತ ಕಾಲೆಳೆದುಕೊಂಡು ಬಂದು ಒಳಗೆ ಹೋಗುವವರೆಗೂ ಆಕೆ ಅದನ್ನು ಹಿಡಿದೇ ನಿಂತಳು. ಬನ್ನಿ ಅಂತ ಮಾತ್ರ ಅನ್ನಲಿಲ್ಲ.