ಪೋಸ್ಟ್‌ಮಾಸ್ಟರನ ಹೆಂಡತಿ ರೈಲು ಹತ್ತಿದ್ದು

…ನಗಿ, ನಗಿ! ಹೊಟ್ಟೆ ಹಿಡ್ಕೊಂಡು ನಗಿ. ಇದರಲ್ಲಿ ನಗೋದಕ್ಕೆ ಏನಿದೆ ಮಾವ? "ಇನ್ಸ್‌ಪೆಕ್ಟರು ಪಿಸ್ತೂಲು ಹಿಡಿದು ನೂರಾ ಹನ್ನೆರಡು ಬಾಗಿಲು ಒದ್ದರು." ನೂರಾ ಹನ್ನೆರಡು ಬಾಗಿಲು! ಪಾಪ, ಆ ಮನುಷ್ಯನ ಕಾಲು ಏನಾಗಿರಬೇಡ! ಅದು ಪುಟದ ಸಂಖ್ಯೆ ಮಾವ. ಪುಟದ ಕೆಳಗಡೆ ಇರುತ್ತಲ್ಲ, ಅದನ್ನೂ ಬಿಡದೆ ಓದುತ್ತೆ ಈ ದರಿದ್ರ ಟ್ಯಾಬ್ಲೆಟ್. ನಾನು ಯಾವತ್ತಾದ್ರೂ ನಿಮಗೆ ಪುಟದ ಸಂಖ್ಯೆ ಓದಿ ಹೇಳಿದ್ದೀನಾ? ಹೇಳಿ. ...ಇಲ್ಲ ತಾನೆ?

ನಿನ್ನೆಯದು ಇನ್ನೂ ಚೆಂದ. ಆ ಕಥೇಲಿ ಮುದುಕಿ ಸಾಯ್ತಾ ಇದ್ದಾಳೆ, ಮಗನ ಕೈ ಹಿಡ್ಕೊಂಡಿದ್ದಾಳೆ, ನಾನೇ ಸೆರಗಲ್ಲಿ ಕಣ್ಣೊರೆಸ್ಕೊಳ್ತಿದ್ದೀನಿ... ಆಗ ಇದು, "ಬ್ಯಾಟರಿ ಶೇಕಡ ಹದಿನೈದು ಉಳಿದಿದೆ" ಅನ್ನುತ್ತೆ! ಅದೇ ಧ್ವನಿ, ಅದೇ ರಾಗ! ಸಾಯೋದು ಮುದುಕಿಯೋ ಬ್ಯಾಟರಿಯೋ ಅಂತ ಗೊತ್ತಾಗೋದು ಹೇಗೆ?

ಮತ್ತೆ ನಗ್ತೀರಿ. ಏನು, ಕೈ ಏನೋ ತೋರಿಸ್ತಿದ್ದೀರಿ? ಓ, ಇಷ್ಟು ಬೈಯೋಳು ದಿನಾ ಅದನ್ನೇ ಯಾಕೆ ನನ್ನ ತೊಡೆ ಮೇಲೆ ತಂದಿಡ್ತೀಯ ಅಂತಲಾ? ಇಡ್ತೀನಿ. ಬೈಯೋದು ಬೇರೆ, ಕಲಿಯೋದು ಬೇರೆ. ಇ-ರೀಡರೋ, ಟ್ಯಾಬ್ಲೆಟ್ಟೋ, ಅಚ್ಚಿನ ಪುಸ್ತಕವೋ, ಈ ಮೂರರಲ್ಲಿ ಯಾವುದಾದ್ರೂ ಒಂದು, ಸೊಸೆಯ ಸಹಾಯ ಇಲ್ಲದೆ ನೀವೇ ಓದ್ಕೊಳ್ಳೋ ಹಾಗೆ ಆಗಬೇಕು. ಈ ಬುಧವಾರದೊಳಗೆ ಆಗಬೇಕು. ...ಯಾಕೆ ಬುಧವಾರ ಅಂದ್ರೆ? ಸುಮ್ಮನೆ. ಒಂದು ಗಡುವು ಬೇಡ್ವಾ? ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ್ರಿ, ಗಿರಾಕಿಗಳಿಗೆ ಇಂಥಾ ದಿನ ಬಾ ಅಂತ ಹೇಳ್ತಿರಲಿಲ್ವಾ? ಹಾಗೇ ಅಂದ್ಕೊಳ್ಳಿ.

ಇ-ರೀಡರ್ ವಿಷಯ ಮಾತ್ರ ಎತ್ತಬೇಡಿ. ...ನೀವು ಎತ್ತಲಿಲ್ವಾ? ನಾನೇ ಎತ್ತಿದ್ನಾ? ಸರಿ, ನಾನೇ ಎತ್ತಿದೆ. ಎರಡು ತಿಂಗಳ ಹಿಂದೆ ಅದು ಬಂದ ದಿನ ನನಗೆಷ್ಟು ಖುಷಿ! ಥೇಟ್ ಕಾಗದದ ಹಾಗೇ ಇದೆ, ಕಣ್ಣಿಗೆ ಚುಚ್ಚಲ್ಲ, ಕೈಗೆ ಭಾರ ಇಲ್ಲ, ಒಂದು ಸಲ ಚಾರ್ಜ್ ಮಾಡಿದ್ರೆ ವಾರಗಟ್ಟಲೆ ಬರುತ್ತೆ, ಅಕ್ಷರ ಎಷ್ಟು ಬೇಕಾದ್ರೂ ದೊಡ್ಡದು ಮಾಡ್ಬಹುದು. ಮಾಡಿದ್ವಲ್ಲ, ದೊಡ್ಡದು! ಮಾಡಿ ಮಾಡಿ ಕೊನೆಗೆ ಪರದೆಗೆ ಮೂರೇ ಪದ. "ಅವನು ಬಂದು ಕುರ್ಚಿಯ" ಅಂತ ಓದೋದು, ಒತ್ತೋದು. "ಮೇಲೆ ಕೂತು ನೀರು" ಅಂತ ಓದೋದು, ಒತ್ತೋದು. ಅವನು ನೀರು ಕುಡಿಯೋ ಹೊತ್ತಿಗೆ ನಮ್ಮ ಒಲೆ ಮೇಲಿನ ಹಾಲೆಲ್ಲ ಉಕ್ಕಿ ಹೋಗಿತ್ತು. ಅಷ್ಟು ಮಾಡಿದ್ರೂ ಆ ಮೂರು ಪದದಲ್ಲಿ ನಡುವಿನದು ನಿಮಗೆ ಕಾಣಲ್ಲ. ಅಂಚು ಕಾಣುತ್ತೆ, ನಡುವೆ ಮಬ್ಬು. ಕಣ್ಣಿನ ನಡುಭಾಗವೇ ಸವೆದಿದೆ ಅಂತ ಡಾಕ್ಟರು ಹೇಳಿದ್ರಲ್ಲ, ಅಕ್ಷರ ದೊಡ್ಡದಾದ್ರೆ ಏನು ಬಂತು? ಹೋಗಲಿ, ಅದಕ್ಕೆ ಬಾಯಿಯಾದ್ರೂ ಇದೆಯಾ ಅಂದ್ರೆ ಅದೂ ಇಲ್ಲ, ಮೂಕಬಸವ.

ನೀವೋ, ಅದರ ಬೆನ್ನನ್ನ ಉಗುರಲ್ಲಿ ತಡಕಿ ತಡಕಿ, "ಇದಕ್ಕೆ ಸ್ಕ್ರೂನೇ ಇಲ್ವಲ್ಲಮ್ಮ, ಸ್ಕ್ರೂ ಇಲ್ಲದ ವಸ್ತುವನ್ನ ನಂಬೋದು ಹೇಗೆ" ಅಂತ ಪಕ್ಕಕ್ಕೆ ತಳ್ಳಿಬಿಟ್ರಿ.

ಅಚ್ಚಿನ ಪುಸ್ತಕವೇನು ಮಹಾ ಸಾಚಾ ಅಂದ್ಕೊಂಡ್ರಾ? ನಾನು ದಿನಾ ನಿಮಗೆ ಓದಿ ಹೇಳೋ ಈ ಕಾದಂಬರಿಯನ್ನೇ ನೋಡಿ. ಲೈಬ್ರರಿಯವರು ರದ್ದಿಗೆ ಹಾಕಿದ್ದನ್ನ ಎತ್ಕೊಂಡು ಬಂದದ್ದು. ಬೆನ್ನು ಕಿತ್ತಿದೆ. ತೆರೆದ್ರೆ ಸಾಕು ಧೂಳು, ನಿಮಗೆ ನಾಲ್ಕು ಸೀನು, ನನಗೆರಡು. ಕಾಗದ ಹಳದಿ ತಿರುಗಿ ಹಿಂದಿನ ಬರಹ ಮುಂದೆ ಕಾಣುತ್ತೆ. ಕಣ್ಣು ನೆಟ್ಟಗಿರೋ ನಾನೇ ಕಿಟಕಿ ಪಕ್ಕ ಕೂತು ಓದಬೇಕು. ನಿಮ್ಮ ಆ ಗಡಿಯಾರದ ಭೂತಗನ್ನಡಿ ಇಟ್ಕೊಂಡು ನೋಡಿದ್ರಿ, ಅದೂ ಕೈಕೊಟ್ಟಿತು. ಆದ್ರೆ ಒಂದು ಹೇಳ್ತೀನಿ, ಪುಸ್ತಕಕ್ಕೆ ಮರ್ಯಾದೆ ಇದೆ. ಯಾರಾದ್ರೂ ಬಾಯಿ ಬಿಟ್ಟು ಓದಿದ್ರೆ ಉಂಟು, ಇಲ್ಲದಿದ್ರೆ ಸುಮ್ಮನಿರುತ್ತೆ. ಈ ಟ್ಯಾಬ್ಲೆಟ್ ಹಾಗಲ್ಲ. ಕೇಳಿದ್ದನ್ನೂ ಹೇಳುತ್ತೆ, ಕೇಳದ್ದನ್ನೂ ಹೇಳುತ್ತೆ.

ಹಾಗಂತ ಕಲೀದೆ ಇರೋಕಾಗುತ್ತಾ? ನಾನು ನಾಳೆ ಜ್ವರ ಬಂದು ಮಲಗಿದೆ ಅಂತಿಟ್ಕೊಳ್ಳಿ. ನಿಮಗೆ ಯಾರು ಓದ್ತಾರೆ? ನಿಮ್ಮ ಮಗನಾ? ಊಟಕ್ಕೆ ಕೂತಾಗ ಉಪ್ಪು ಬೇಕು ಅಂತ ಕೇಳೋಕೂ ಬಾಯಿ ತೆರೆಯಲ್ಲ ಅವರು. ಓದಲಿಲ್ಲ ಅಂದ್ರೆ ನೀವು ಹೇಗಿರ್ತೀರಿ ಅಂತ ನನಗೆ ಗೊತ್ತು. ಕಣ್ಣು ಹೋದ ಮೊದಲ ತಿಂಗಳು ನೋಡಿದ್ದೀನಲ್ಲ, ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದು, ನಾಲ್ಕು ಸಲ ಕರೆದ್ರೆ ಒಂದು ಸಲ ಹ್ಞೂಂ ಅಂದದ್ದು. ಮತ್ತೆ ಹಾಗಾಗೋದು ಬೇಡ ಅಂತ ತಾನೇ ಪಾಪ ನಿಮ್ಮ ಮಗ ಇಷ್ಟೆಲ್ಲ ತಂದುಕೊಟ್ಟಿದ್ದು? ...ಯಾಕೆ ಹುಬ್ಬೇರಿಸ್ತೀರಿ? ಹೌದು, ಅವರೇ. ಅವರಿಗೇ ಹೊಳೆದದ್ದು. ನಾನು ಯಾಕೆ ಹೇಳ್ಲಿ!

ಬನ್ನಿ, ಕೊಡಿ ಕೈ. ಬೆರಳು ಇಲ್ಲಿಡಿ. ಇಟ್ಟ ಕಡೆ ಏನಿದೆ ಅಂತ ಅದೇ ಹೆಸರು ಹೇಳುತ್ತೆ, ಬೇಕಾದ್ದು ಸಿಕ್ಕಿದ್ರೆ ಎರಡು ಸಲ ತಟ್ಟಿ. ...ಮೆಲ್ಲಗೆ ಮಾವ! ಬಾಗಿಲು ಬಡಿದ ಹಾಗಲ್ಲ! ...ನೋಡಿ, ನೋಡಿ, ಅಲಾರಂ ಹೊಡ್ಕೊಂಡಿತು. ಮೂರು ವಾರದಿಂದ ಇದೇ ಆಯ್ತು. ಕೂದಲೆಳೆಯಂಥ ಸ್ಪ್ರಿಂಗನ್ನ ಚಿಮುಟದಲ್ಲಿ ಹಿಡಿದು ಕೂರಿಸಿದ ಕೈ ಇದು! ಒಂದು ಗಾಜಿನ ಮೇಲೆ ಬೆರಳಾಡಿಸೋಕೆ ಬರಲ್ಲ ಅಂದ್ರೆ! ನನಗಂತೂ ತಲೆ ಚಿಟ್ಟು ಹಿಡಿದು ಹೋಗಿದೆ.

ಬಿಡಿ. ಇವತ್ತಿನ ಪಾಠ ಸಾಕು, ಕಥೆ ಓದೋಣ. ಎಲ್ಲಿಗೆ ನಿಲ್ಲಿಸಿದ್ವಿ? ಪೋಸ್ಟ್‌ಮಾಸ್ಟರನ ಹೆಂಡತಿ ಗಂಡನ ಮನೆ ಬಿಟ್ಟು ರೈಲು ಹತ್ತಿದಳಲ್ಲ, ಬೇರೆ ಊರಲ್ಲಿ ಔಷಧಿ ಅಂಗಡಿ ಕೆಲಸಕ್ಕೆ ಸೇರಿದಳಲ್ಲ... ಹಾಂ, ಮಹಡಿ ರೂಮು. ಕೇಳಿ. "ಬೆಳಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ಅವಳು ಎರಡು ಬಕೆಟ್ ತುಂಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಕೆಳಮನೆಯ ನರ್ಸಮ್ಮನ ಕೈಗೆ ಕೊಟ್ಟು..."

ಏನು? ಯಾಕೆ ಕೈ ಅಡ್ಡ ಹಿಡಿದ್ರಿ? ಓದ್ಲಾ ಬೇಡ್ವಾ? ...ಟ್ಯಾಬ್ಲೆಟ್ ಕಡೆ ಯಾಕೆ ಬೆರಳು ತೋರಿಸ್ತೀರಿ? ಅಲಾರಂ ಆಗಲೇ ನಿಲ್ತಲ್ಲ. ಸರಿ, ಪೂರ್ತಿ ಆರಿಸ್ತೀನಿ, ಇರಿ.

...ಇದೇನಿದು. ಇದರಲ್ಲಿ ಈ ಕಾದಂಬರಿಯೂ ಇದೆಯಾ? ಅಂಗಡಿಯವರು ಒಟ್ಟಿಗೇ ನಲವತ್ತು ಪುಸ್ತಕ ತುಂಬಿಸಿ ಕೊಟ್ಟಿದ್ರು, ಪಟ್ಟಿ ಪೂರ್ತಿ ನಾನು ನೋಡೇ ಇಲ್ಲ... "ಓದಿ ಮುಗಿಸಿದ್ದು." ನೂರಕ್ಕೆ ನೂರು. ಒಂಬತ್ತನೇ ತಾರೀಕು. ...ಇವತ್ತು ಇಪ್ಪತ್ತೈದು ಅಲ್ವಾ ಮಾವ?

ಯಾರು ಓದಿದ್ದು ಇದನ್ನ?

ತಾನಾಗೇ ಓಡಿರುತ್ತೆ. ಹಾಗೂ ಆಗುತ್ತೆ ಇವಕ್ಕೆ, ನೀವು ಬೇಕಾಬಿಟ್ಟಿ ಒತ್ತಿರ್ತೀರಿ... ಕೇಳಿದ್ರಾ ನೀವು? ಪೂರ್ತಿ ಕೇಳಿದ್ರಾ? ಹಾಗಾದ್ರೂ ತಿಳ್ಕೊಳ್ಳಿ, ಈ ಟ್ಯಾಬ್ಲೆಟ್ಟಿಗೆ ಹಾಕೋ ಪುಸ್ತಕ ಬೇರೆ, ಅಚ್ಚಿನದು ಬೇರೆ. ಇದರಲ್ಲಿ ಕೊನೆ ಕತ್ತರಿಸಿರ್ತಾರೆ. ಅರ್ಧಂಬರ್ಧ ಇರುತ್ತೆ. ಅಚ್ಚಿನದರಲ್ಲಿ ಇನ್ನೂ ಎಷ್ಟೋ ಪುಟ ಇದೆ. ...ಬೇಡ, ಪುಸ್ತಕ ಯಾಕೆ ಈಗ? ಬಿಡಿ ಮಾವ, ಎಳೀಬೇಡಿ, ಹರಿಯುತ್ತೆ...

...ಹೌದು. ಕೊನೇ ಪುಟವೇ. ನಿಮ್ಮ ಬೆರಳಿಗೆ ಸಿಕ್ಕಿದ್ದು ಹಿಂದಿನ ರಟ್ಟು. ಇನ್ನೇನೂ ಇಲ್ಲ ಅಲ್ಲಿ.

ಪುಸ್ತಕದಲ್ಲಿ ಅವಳು ರೈಲು ಹತ್ತಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರ್ತಾಳೆ, ಗಾಡಿ ಬರುತ್ತೆ, ಹೋಗುತ್ತೆ. ಅವಳು ಎದ್ದು ಮನೆಗೆ ಬಂದು ಒಲೆ ಹಚ್ಚುತ್ತಾಳೆ. ಮುಗೀತು. ಆ ಸಾಲು ನೋಡಿ ನನಗೆ ಮೈಯೆಲ್ಲ ಉರಿದು ಹೋಯ್ತು ಮಾವ. ಇನ್ನೂರು ಪುಟ ಆಸೆ ತೋರಿಸಿ ಕೊನೆಗೆ ಒಲೆ ಹಚ್ಚಿಸ್ತಾರೆ! ಅದಕ್ಕೇ ಹತ್ತಿಸಿದೆ. ನಾನೇ ಹತ್ತಿಸಿದೆ ಅವಳನ್ನ. ಅಷ್ಟೇ. ನಿಮಗೆ ಹೊತ್ತು ಹೋಗ್ಲಿ ಅಂತ, ಸುಮ್ಮನೆ ಒಂದು ಕಥೆ...

ಏನಾದ್ರೂ ಹೇಳಿ. ಸುಳ್ಳುಬುರುಕಿ ಅನ್ನಿ. ಕಣ್ಣು ಕಾಣದವನ ಕಿವಿಗೆ ಹೂವಿಟ್ಟೆಯಾ ಅಂತ ಬೈಯಿರಿ. ನಿಮ್ಮ ದಮ್ಮಯ್ಯ ಮಾವ.

...ಇರಿ. ಇರಿ, ಇರಿ. ಒಂಬತ್ತನೇ ತಾರೀಕೇ ನಿಮಗೆ ಎಲ್ಲಾ ಗೊತ್ತಿತ್ತು. ಹಾಗಾದ್ರೆ ಹೋದ ವಾರ ನೀವು ಕೇಳಿದ್ದು? "ಆ ರೂಮಿಗೆ ಒಳಗಿಂದ ಚಿಲಕ ಇದೆಯಾಮ್ಮ?" ಇದೆ ಅಂದೆ. "ಒಂದೋ ಎರಡೋ?" ಅಂದ್ರಿ. ಆಮೇಲೆ ಆ ನರ್ಸಮ್ಮ ಎಂಥವಳು, ಅಂಗಡಿಯಿಂದ ರೂಮಿಗೆ ಎಷ್ಟು ದೂರ, ದಾರೀಲಿ ಬೀದಿ ದೀಪ ಇದೆಯಾ... ಪುಸ್ತಕದಲ್ಲಿ ರೂಮೇ ಇಲ್ಲ ಅಂತ ಗೊತ್ತಿದ್ದೂ ಕೇಳಿದ್ರಿ! ಅಯ್ಯೋ ದೇವರೇ. ನೀವು ಅವಳ ವಿಷಯ ಕೇಳ್ತಿರಲೇ ಇಲ್ಲ. ನನ್ನ ವಿಷಯ ಕೇಳ್ತಿದ್ರಿ.

ಹೌದು ಮಾವ. ರೂಮು ಇದೆ. ಅಕ್ಕನ ಮಗೂಗೆ ಹುಷಾರಿಲ್ಲ ಅಂತ ಒಂದು ದಿನ ಹೋಗಿದ್ನಲ್ಲ, ಆವತ್ತೇ ನೋಡಿಟ್ಟು ಬಂದೆ. ಕೆಲಸವೂ ಸಿಕ್ಕಿದೆ. ಗುರುವಾರ ಹೋಗ್ತೀನಿ.

ನಿಮ್ಮ ಮಗ ಹೊಡೆಯಲ್ಲ, ಕುಡಿಯಲ್ಲ. ಯಾರ ಹತ್ರ ಹೇಳಿಕೊಂಡ್ರೂ ಮತ್ತೇನಮ್ಮ ನಿನಗೆ ತೊಂದರೆ ಅಂತಾರೆ. ಹೋದ ವರ್ಷ ನಾನು ಔಷಧಿ ಅಂಗಡಿಗೆ ಹೋಗ್ತಿದ್ನಲ್ಲ, ನಾನಾಗೇ ಬಿಟ್ಟೆ ಅಂತ ನಿಮಗೆ ಹೇಳಿದ್ದೆ. ನಾನು ಬಿಡಲಿಲ್ಲ ಮಾವ. ಅವರು ಅಂಗಡಿಗೆ ಫೋನ್ ಮಾಡಿ, ನಾಳೆಯಿಂದ ಅವಳು ಬರಲ್ಲ ಅಂದುಬಿಟ್ಟಿದ್ರು. ನನಗೆ ಒಂದು ಮಾತು ಹೇಳಲಿಲ್ಲ. ಬೆಳಗ್ಗೆ ಎಂದಿನ ಹಾಗೆ ಹೋದ್ರೆ ನನ್ನ ಸ್ಟೂಲಿನ ಮೇಲೆ ಬೇರೆ ಹುಡುಗಿ ಕೂತಿದ್ದಳು. ಏನು ಬೇಕಿತ್ತು ಮೇಡಂ ಅಂದಳು. ಎಲ್ಲರೂ ನನ್ನನ್ನೇ ನೋಡ್ತಿದ್ರು. ನಾನು ಗಿರಾಕಿ ಥರ ನಿಂತು ಒಂದು ತಲೆನೋವಿನ ಮಾತ್ರೆ ತಗೊಂಡು ವಾಪಸ್ ಬಂದೆ. ಮನೇಲಿ ಕೇಳಿದ್ರೆ "ಅದಕ್ಕೇನೀಗ?" ಅಂದ್ರು. ಆಮೇಲೆ ನಾನು ಏನು ಕೇಳಿದ್ರೂ ಅದೇ ಒಂದು ಮಾತು. ಅಷ್ಟರಲ್ಲೇ ಎಷ್ಟು ವರ್ಷ ಇರಲಿ ನಾನು?

ಆವತ್ತೇ ಹೋಗ್ತಿದ್ದೆ. ನೀವು ಅಡ್ಡ ಬಂದ್ರಿ. ...ಅಲ್ಲ, ನಿಮ್ಮನ್ನ ಬೈತಿಲ್ಲ, ಮುಖ ತಿರುಗಿಸ್ಬೇಡಿ. ನಾಲ್ಕು ಗಂಟೆ ಆಗೋದೇ ತಡ, ತಡಕಾಡಿ ನನ್ನ ಕುರ್ಚಿಯನ್ನ ಕಿಟಕಿ ಪಕ್ಕ ಎಳೆದಿಟ್ಟು ಕಾಯ್ತಾ ಕೂತಿರ್ತೀರಲ್ಲ, ಅದನ್ನ ನೋಡಿದ್ಮೇಲೆ ಹೇಗೆ ಹೋಗ್ಲಿ? ಅದಕ್ಕೇ ಇ-ರೀಡರ್ ತರಿಸಿದೆ, ಅದು ಕೈಕೊಟ್ಟ ಮೇಲೆ ಈ ಟ್ಯಾಬ್ಲೆಟ್ ತರಿಸಿದೆ. ನಿಮ್ಮ ಮಗನಿಗೆ ಹೊಳೆದದ್ದಲ್ಲ, ಅದೂ ಸುಳ್ಳು. ಎರಡನ್ನೂ ನಾನೇ ಪೀಡಿಸಿ, ಪ್ರಾಣ ತಿಂದು ತರಿಸಿದ್ದು. ಇದು ತಪ್ಪು ಓದಿದಾಗೆಲ್ಲ ನಾನು ಯಾಕೆ ಹಾಗೆ ಹಾರಾಡ್ತೀನಿ ಅಂತ ಈಗ ತಿಳೀತಾ? ಇದು ನೆಟ್ಟಗೆ ಓದಿದ್ರೆ ನಾನು ಹೋಗ್ಬಹುದು. ಇದು ಪುಟದ ಸಂಖ್ಯೆ ಓದಿದ್ರೆ ನಾನು ಇಲ್ಲೇ ಇರಬೇಕು! ಸಾಕಾಗಿ ಹೋಗಿದೆ ಮಾವ. ನಾನು ಹೋದ ಮೇಲೆ ನೀವು ಮತ್ತೆ ಗೋಡೆ ಕಡೆ ತಿರುಗಿ ಮಲಗಿದ್ರೆ ಆ ರೂಮಲ್ಲಿ ನನಗೆ ನಿದ್ದೆ ಬರುತ್ತಾ? ನೀವೋ ಏನು ಮಾಡಿದ್ರೂ ಕಲೀಲೇ ಇಲ್ಲ...

ಏನ್ಮಾಡ್ತಿದ್ದೀರಿ? ಕೊಡಿ, ನಾನು ಹಿಡ್ಕೊಳ್ತೀನಿ. ...ಬೇಡ್ವಾ?

...ಮಾವ.

ಪಟ್ಟಿಗೆ ಹೋದ್ರಿ. ಪುಸ್ತಕ ಆರಿಸಿದ್ರಿ. ಅಧ್ಯಾಯಕ್ಕೆ ಬಂದ್ರಿ. ಒಂದು ಬೆರಳೂ ತಪ್ಪಲಿಲ್ಲ. ಓದೋ ವೇಗ ಕೂಡ ಕಡಿಮೆ ಮಾಡ್ಕೊಂಡ್ರಿ, ಅದು ಎಲ್ಲಿದೆ ಅಂತ ನನಗೇ ಗೊತ್ತಿಲ್ಲ! ಹಾಗಾದ್ರೆ ದಿನಾ ಆ ಧಡಧಡ ತಟ್ಟೋದು, ಆ ಅಲಾರಂ... ಬೇಕಂತಲೇ ಮಾಡಿದ್ರಾ? ಬರಲ್ಲ ಅಂದ್ರೆ ಇವಳು ಹೋಗಲ್ಲ ಅಂತಲಾ? ...ಹೇಳಿ ಮಾವ. ಅದಕ್ಕೇನಾ?

...ಮತ್ತೆ ಇವತ್ತು ಯಾಕೆ ತೋರಿಸಿಬಿಟ್ರಿ?

ಕಣ್ಣೊರೆಸ್ಕೊಳ್ಳಿ. ನಿಮ್ಮ ಮಗ ಬರೋ ಹೊತ್ತಾಯ್ತು. ...ಆ ಟ್ಯಾಬ್ಲೆಟ್ ಆಫ್ ಮಾಡಿ ಮಾವ. ಚೆನ್ನಾಗೇ ಓದುತ್ತೆ, ನಾನು ಇಲ್ಲದ್ದೆಲ್ಲ ಬೈದೆ. ಗುರುವಾರದಿಂದ ಹಾಕ್ಕೊಳ್ಳಿ. ಬುಧವಾರದವರೆಗೆ ನಾನೇ ಓದ್ತೀನಿ.